ಟಿಡಿಎಸ್ ಮೀಟರ್ ಅಳೆಯುವುದು ಏನನ್ನು?

ಪೆನ್ನಿನಂತಿರುವ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಘನವಸ್ತು) ಮೀಟರ್ ಈಗ ಬಯಲುಸೀಮೆಯ ಎಷ್ಟೋ ಮನೆಗಳಿಗೆ ಬಂದಿದೆ. ಬೋರ್‌ವೆಲ್ ನೀರಿಗೆ ಅದ್ದಿದರೆ 900 ಎನ್ನುತ್ತದೆ, ಫಿಲ್ಟರ್ ನೀರಿಗೆ ಅದ್ದಿದರೆ 60. ಆ ಅಂಕಿ ಕಂಡು ಗಾಬರಿಯಾಗುವ ಮುನ್ನ ಒಂದು ಪ್ರಯೋಗ ಮಾಡಿ. ಒಂದು ಲೋಟ ನೀರಿಗೆ ಎರಡು ಚಮಚ ಸಕ್ಕರೆ ಕರಗಿಸಿ ಮೀಟರ್ ಅದ್ದಿ. ಅಂಕಿ ಮೇಲೇರುವುದಿಲ್ಲ. ಇನ್ನೊಂದು ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ನೋಡಿ, ಥಟ್ಟನೆ ಏರಿಬಿಡುತ್ತದೆ.

ಈ ಯಂತ್ರ ಕರಗಿದ್ದನ್ನು ತೂಗುವುದೇ ಇಲ್ಲ. ಅದರ ತುದಿಯಲ್ಲಿ ಎರಡು ಲೋಹದ ಕಡ್ಡಿಗಳಿವೆ. ಅವುಗಳ ನಡುವೆ ಸಣ್ಣ ವಿದ್ಯುತ್ ಹಾಯಿಸಿ, ನೀರು ಅದನ್ನು ಎಷ್ಟು ಸಲೀಸಾಗಿ ಸಾಗಿಸುತ್ತದೆಂದು ನೋಡುತ್ತದೆ. ಉಪ್ಪು ನೀರಿಗೆ ಬಿದ್ದೊಡನೆ ಸೋಡಿಯಂ, ಕ್ಲೋರೈಡ್ ಅಯಾನುಗಳಾಗಿ ಬೇರ್ಪಡುತ್ತದೆ. ವಿದ್ಯುತ್ತನ್ನು ಹೊತ್ತು ಸಾಗುವವು ಈ ಅಯಾನುಗಳೇ. ಸಕ್ಕರೆಯ ಅಣುವಾದರೋ ಒಡೆಯದೆ ಇಡಿಯಾಗಿ ಕರಗುತ್ತದೆ, ಅದಕ್ಕೆ ಹೊರುವ ಶಕ್ತಿಯಿಲ್ಲ. ಹೀಗೆ ಸಿಕ್ಕ ವಾಹಕತೆಯನ್ನು ಸುಮಾರು 0.5ರಿಂದ 0.7ರೊಳಗಿನ ಒಂದು ಅಂಕಿಯಿಂದ ಗುಣಿಸಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಮೀಟರ್ ಅಂದಾಜು ಕೊಡುತ್ತದೆ.

ಇದೇ ಉಪಾಯ ಸಮುದ್ರದಲ್ಲಿ ಬಲು ನಿಖರ. ಒಂದು ಕಿಲೋ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. 1872ರಿಂದ 1876ರವರೆಗೆ ಲೋಕದ ಕಡಲುಗಳನ್ನು ಸುತ್ತಿದ ಚಾಲೆಂಜರ್ ಹಡಗು ತಂದ 77 ಮಾದರಿಗಳನ್ನು ರಸಾಯನಶಾಸ್ತ್ರಜ್ಞ ವಿಲಿಯಂ ಡಿಟ್ಮಾರ್ ಪರೀಕ್ಷಿಸಿದರು. ನೀರು ಎಷ್ಟು ಉಪ್ಪಾಗಿದ್ದರೂ, ಲವಣಗಳೊಳಗಿನ ಪಾಲು ಎಲ್ಲ ಕಡಲಲ್ಲೂ ಬಹುಮಟ್ಟಿಗೆ ಒಂದೇ ಎಂದು ಕಂಡಿತು: ಕ್ಲೋರೈಡ್ ಶೇ 55, ಸೋಡಿಯಂ ಶೇ 30ರ ಆಸುಪಾಸು. ಇಂಥ ನೀರಿನ ಉಷ್ಣತೆ, ಒತ್ತಡ, ವಾಹಕತೆ ತಿಳಿದರೆ ಲವಣಾಂಶವೂ ತಿಳಿದಂತೆಯೇ. ಸಾಗರವಿಜ್ಞಾನಿಗಳ 1978ರ ಮಾನದಂಡ ನಿಂತಿರುವುದು ಇದರ ಮೇಲೆ.

ಬೋರ್‌ವೆಲ್‌ಗಳಿಗೆ ಆ ಏಕರೂಪತೆಯಿಲ್ಲ. ಒಂದರಲ್ಲಿ ಕ್ಯಾಲ್ಸಿಯಂ ಹೆಚ್ಚು, ಪಕ್ಕದ ಹೊಲದ್ದರಲ್ಲಿ ಸೋಡಿಯಂ, ಮತ್ತೊಂದರಲ್ಲಿ ನೈಟ್ರೇಟ್. ನಾಲಿಗೆಗೆ ಉಪ್ಪೆನಿಸುವುದು ಮುಖ್ಯವಾಗಿ ಸೋಡಿಯಂನಿಂದ; ಮೆಗ್ನೀಸಿಯಂ ಕಹಿ. ಸವಳು ನೀರು, ಬೇಳೆ ಬೇಯದ ನೀರು, ಸೋಪು ನೊರೆ ಬಾರದ ನೀರು ಎಂದು ಬೇರೆ ಬೇರೆಯಾಗಿ ಗುರುತಿಸಿದ ನಮ್ಮ ಹಳ್ಳಿಯವರ ವಿವೇಚನೆ ಈ ಮೀಟರಿಗಿಂತ ಸೂಕ್ಷ್ಮವಾದದ್ದು. ಮೀಟರಿಗೆ ಇವೆಲ್ಲ ಒಂದೇ ಅಂಕಿ.

ಆದರೆ ನಾಲಿಗೆಗೂ ಮೀಟರಿಗೂ ಸಿಗದ್ದೊಂದಿದೆ: ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ಅದರ ಗರಿಷ್ಠ ಮಿತಿ. ಪಾವಗಡದಂಥ ತಾಲ್ಲೂಕುಗಳಲ್ಲಿ ಜನರ ಹಲ್ಲು, ಮೂಳೆಗಳನ್ನು ಕೆಡಿಸಿದ್ದು ಆ ಮಿತಿ ಮೀರಿದ ನೀರು. ಮೀಟರ್ 600 ತೋರಿಸುವ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಅಡಗಿ ಕೂತರೆ ಯಾರಿಗೂ ಕಾಣದು. ಅದೇ ಹೊತ್ತಿಗೆ, ಬೇರೆ ಆಸರೆಯಿಲ್ಲದ ಕಡೆ 2000ದವರೆಗಿನ ಟಿಡಿಎಸ್ ಇರುವ ನೀರನ್ನೂ ಭಾರತೀಯ ಮಾನಕ ಒಪ್ಪುತ್ತದೆ.

ಮೀಟರ್ ಇಟ್ಟುಕೊಳ್ಳಿ, ಫಿಲ್ಟರ್ ಕೆಟ್ಟಿದೆಯೇ ಎಂದು ನೋಡಲು ಅದು ಸಾಕು. ಕುಡಿಯುವ ಬೋರ್‌ವೆಲ್ ನೀರನ್ನು ಮಾತ್ರ ಒಮ್ಮೆ ಪ್ರಯೋಗಾಲಯಕ್ಕೆ ಕೊಟ್ಟು, ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಎಂದು ಬರೆಸಿಕೊಂಡು ಬನ್ನಿ.