ಪೆಟ್ಟಿಗೆ ನಮ್ಮದು, ಬೀಗದ ಕೈ ಯಾರದು?

ನಿವೃತ್ತಿಯ ನಂತರ ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ನೆರೆಹೊರೆಯವರ ಪರಿಚಯ ಬೆಳೆಯಿತು. ಎದುರು ಮನೆಯ ಹುಡುಗಿ ಒಂದು ಸಂಜೆ ‘ನಾನು ಡ್ರೈವರ್ ಬರೆಯುತ್ತೇನೆ ಅಂಕಲ್’ ಎಂದಾಗ ನನ್ನ ಕಣ್ಣಮುಂದೆ ಬಂದದ್ದು ಇಲಾಖೆಯ ಜೀಪು ಮತ್ತು ಅದರ ಲಾಗ್ ಪುಸ್ತಕ. ಮೂರು ದಶಕ ಅಂಥ ಪುಸ್ತಕಗಳಿಗೆ ಸಹಿ ಹಾಕಿದವನಿಗೆ ಬೇರೇನು ಹೊಳೆದೀತು? ಆಕೆ ನಕ್ಕು ವಿವರಿಸಿದಳು. ಕಚೇರಿಯ ಗಣಕಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಯೊಳಗೆ ಈಥರ್‌ನೆಟ್ ಸ್ವಿಚ್ ಎಂಬ ಚಿಪ್ ಇರುತ್ತದೆ. ಅದನ್ನು ನಡೆಸುವ ಬಗೆಯನ್ನು ಲಿನಕ್ಸ್ ವ್ಯವಸ್ಥೆಯ ತಿರುಳಿಗೆ, ಅಂದರೆ ಕರ್ನೆಲ್‌ಗೆ, ತಿಳಿಸಿಕೊಡುವ ತಂತ್ರಾಂಶವೇ ಡ್ರೈವರ್. ಬರೆದುದನ್ನು ಆಕೆಯ ಕಂಪನಿ ತಿಜೋರಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ಯಾರು ಬೇಕಾದರೂ ಓದಿ, ತಿದ್ದಿ, ಬಳಸುವಂತೆ ಪ್ರಕಟಿಸುತ್ತದೆ.

ಸಂಬಳ ಕೊಟ್ಟು ಬರೆಸಿದ್ದನ್ನು ಕಂಪನಿಯೊಂದು ಬಿಟ್ಟಿಯಾಗಿ ಏಕೆ ಹಂಚುತ್ತದೆ? ಅರ್ಥಶಾಸ್ತ್ರ ಓದಿದವನಿಗೆ ಮೊದಲು ಏಳುವ ಪ್ರಶ್ನೆ ಇದೇ. ಅದಕ್ಕೆ ಉತ್ತರ ಹುಡುಕುವ ಮೊದಲು ಆ ಚಿಪ್ ಮಾಡುವ ಕೆಲಸವನ್ನು ತಿಳಿಯಬೇಕು.

ಟಪಾಲು ಶಾಖೆಯ ಒಬ್ಬ ಜಾಣ ಗುಮಾಸ್ತನನ್ನು ಊಹಿಸಿಕೊಳ್ಳಿ. ಪ್ರತಿಯೊಂದು ಕಾಗದ ಬಂದಾಗಲೂ ಅವನು ಕಳುಹಿಸಿದವರ ವಿಳಾಸವನ್ನೂ ಅದು ಬಂದ ಬಾಗಿಲನ್ನೂ ಬರೆದಿಟ್ಟುಕೊಳ್ಳುತ್ತಾನೆ. ಮುಂದೆ ಅದೇ ವ್ಯಕ್ತಿಗೆ ಕಾಗದ ಬಂದರೆ ಆ ಬಾಗಿಲಿಗೆ ಮಾತ್ರ ಕಳುಹಿಸುತ್ತಾನೆ. ವಿಳಾಸ ಗೊತ್ತಿಲ್ಲದಿದ್ದರೆ ಬಂದ ಬಾಗಿಲನ್ನು ಬಿಟ್ಟು ಉಳಿದೆಲ್ಲ ಬಾಗಿಲುಗಳಿಗೂ ಒಂದೊಂದು ಪ್ರತಿ. ಸ್ವಿಚ್ ಚಿಪ್ ಮಾಡುವುದು ಇಷ್ಟನ್ನೇ, ಆದರೆ ಸೆಕೆಂಡಿಗೆ ಲಕ್ಷಾಂತರ ಬಾರಿ. ಇದಕ್ಕೂ ಹಿಂದಿನ ಹಬ್ ಎಂಬ ಸಾಧನಕ್ಕೆ ಈ ವಿವೇಚನೆ ಇರಲಿಲ್ಲ, ಒಬ್ಬನಿಗೆ ಹೇಳಬೇಕಾದುದನ್ನು ಇಡೀ ಕಚೇರಿಗೆ ಕೂಗುತ್ತಿತ್ತು. 1990ರಲ್ಲಿ ಅಮೆರಿಕದಲ್ಲಿ ಮೊದಲ ಈಥರ್‌ನೆಟ್ ಸ್ವಿಚ್ ಅನ್ನು ಮಾರುಕಟ್ಟೆಗೆ ತಂದ ಸಂಸ್ಥೆಯ ಹೆಸರು ಕಲ್ಪನಾ! ಅದರ ಸ್ಥಾಪಕರಲ್ಲಿ ಒಬ್ಬರು ಭಾರತೀಯ ಮೂಲದ ವಿನೋದ್ ಭಾರದ್ವಾಜ್. 1994ರಲ್ಲಿ ಸಿಸ್ಕೋ ಅದನ್ನು ಕೊಂಡುಕೊಂಡಿತು.

ಗುಮಾಸ್ತ ಎಷ್ಟೇ ಜಾಣನಾದರೂ ಅವನಿಗೆ ಆದೇಶ ಕೊಡುವ ಭಾಷೆ ಗೊತ್ತಿರಬೇಕಷ್ಟೆ. ಯಾವ ಬಾಗಿಲನ್ನು ಮುಚ್ಚಬೇಕು, ಲೆಕ್ಕಪತ್ರ ವಿಭಾಗದ ಕಾಗದ ಬೇರೆಯವರ ಕೈಸೇರದಂತೆ ಹೇಗೆ ಪ್ರತ್ಯೇಕಿಸಬೇಕು ಎಂಬುದನ್ನೆಲ್ಲ ಚಿಪ್‌ನೊಳಗಿನ ರಿಜಿಸ್ಟರುಗಳಲ್ಲಿ ಅಂಕಿಗಳಾಗಿ ಬರೆಯಬೇಕು. ಯಾವ ರಿಜಿಸ್ಟರಿನಲ್ಲಿ ಯಾವ ಅಂಕಿಗೆ ಏನರ್ಥ ಎಂಬ ಕೈಪಿಡಿಯನ್ನು ಅನೇಕ ಚಿಪ್ ತಯಾರಕರು ಗೋಪ್ಯತೆಯ ಕರಾರಿಗೆ ಸಹಿ ಮಾಡಿದವರಿಗಷ್ಟೇ ಕೊಡುತ್ತಾರೆ. ಪೆಟ್ಟಿಗೆ ಕೊಂಡವನಿಗೆ ಸಿಗುವುದು ಒಳಗೇನಿದೆ ಎಂದು ತಿಳಿಯದ ಸಿದ್ಧ ತಂತ್ರಾಂಶ. ಕರ್ನೆಲ್ ಆದರೋ ನಿಲ್ಲುವುದಲ್ಲ. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ, ಒಳಗಿನ ಜೋಡಣೆಗಳು ಬದಲಾಗುತ್ತವೆ. ಡ್ರೈವರ್ ಕರ್ನೆಲ್‌ನ ಒಳಗೇ ಸೇರಿದ್ದರೆ, ಜೋಡಣೆ ಬದಲಿಸಿದವರೇ ಅದನ್ನು ಬಳಸುವ ಎಲ್ಲ ಡ್ರೈವರುಗಳನ್ನೂ ಸರಿಪಡಿಸಬೇಕೆಂಬುದು ಅಲ್ಲಿನ ನಿಯಮ. ಹೊರಗುಳಿದ ಡ್ರೈವರ್ ಅನಾಥ.

ಆ ಅನಾಥಸ್ಥಿತಿಯ ಬೆಲೆ ನನಗೆ ಗೊತ್ತು. ನಾನು ಸೇವೆಯಲ್ಲಿದ್ದ ಒಂದು ಕಚೇರಿಯಲ್ಲಿ ಕೆಲವು ವರ್ಷಗಳ ಹಿಂದೆ ಕೊಂಡಿದ್ದ ಸ್ವಿಚ್‌ಗಳಲ್ಲಿ ಭದ್ರತಾ ಲೋಪವಿದೆ ಎಂದು ತಪಾಸಣೆಯವರು ಬರೆದರು. ಸರಬರಾಜುದಾರರನ್ನು ಕೇಳಿದರೆ, ಆ ಮಾದರಿಗೆ ತಿದ್ದುಪಡಿ ಕೊಡುವುದನ್ನು ನಿಲ್ಲಿಸಲಾಗಿದೆ, ಹೊಸದನ್ನು ಕೊಳ್ಳಿ ಎಂಬ ಉತ್ತರ. ಪೆಟ್ಟಿಗೆಗಳೆಲ್ಲ ಸುಸ್ಥಿತಿಯಲ್ಲಿದ್ದವು, ದೀಪಗಳು ಮಿನುಗುತ್ತಿದ್ದವು. ಅವನ್ನು ನಿರುಪಯುಕ್ತವೆಂದು ಘೋಷಿಸುವ ಕಡತಕ್ಕೆ ನಾನೇ ಸಹಿ ಮಾಡಿದೆ. ಕೊಳ್ಳುವಾಗ ಕೇಳಬೇಕಿದ್ದ ಪ್ರಶ್ನೆಯೊಂದನ್ನು ನಾವು ಯಾರೂ ಕೇಳಿರಲಿಲ್ಲ ಎಂಬುದು ನನಗೆ ಅರ್ಥವಾದದ್ದು ಎದುರು ಮನೆಯ ಹುಡುಗಿಯಿಂದ, ಅದೂ ನಿವೃತ್ತನಾದ ಮೇಲೆ.

ಬೆಂಗಳೂರಿಗೆ ಈ ವಿಷಯ ಹೊಸದೇನಲ್ಲ. 1985ರಲ್ಲಿ ಇಲ್ಲಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ‘ಸಿತಾರಾ’ ಸರಣಿಯ ಒಂದು ಚಿಪ್‌ನಲ್ಲಿ ಸಂಸ್ಕಾರಕದ ಜೊತೆಗೇ ಮೂರು ಬಾಗಿಲಿನ ಪುಟ್ಟ ಈಥರ್‌ನೆಟ್ ಸ್ವಿಚ್ ಇದೆ; ಎರಡು ಬಾಗಿಲು ಹೊರಕ್ಕೆ, ಒಂದು ಒಳಗಿನ ಸಂಸ್ಕಾರಕಕ್ಕೆ. ವಿದ್ಯಾರ್ಥಿಗಳ ಕೈಯಲ್ಲಿ ಕಾಣುವ ಬೀಗಲ್‌ಬೋನ್ ಎಂಬ ಅಂಗೈಯಗಲದ ಗಣಕದಲ್ಲಿರುವುದೂ ಇದೇ. ಇದರ ಡ್ರೈವರ್ 2012ರಲ್ಲಿ ಲಿನಕ್ಸ್ 3.4 ಆವೃತ್ತಿಯ ಒಳಗೆ ಸೇರಿತು. ಅದರ ಹಿಂದೆ ಸಂಸ್ಥೆಯ ಬೆಂಗಳೂರು ಇಂಜಿನಿಯರುಗಳ ದುಡಿಮೆ ಇತ್ತು.

ಅನಂತರದ ಕಥೆ ನನ್ನಂಥ ಕಡತದ ಮನುಷ್ಯನಿಗೆ ಹೆಚ್ಚು ರುಚಿಸಿತು. ಸ್ವಿಚ್ ಆಗಿ ಕೆಲಸ ಮಾಡುವಾಗ ಆ ಹಳೆಯ ಡ್ರೈವರ್ ಹೊರಗಿನ ಎರಡು ಬಾಗಿಲುಗಳನ್ನೂ ಒಂದೇ ಸಂಪರ್ಕವೆಂಬಂತೆ ತೋರಿಸುತ್ತಿತ್ತು. ಸ್ವಿಚ್ ಚಿಪ್‌ಗಳಿಗೆಂದೇ ಕರ್ನೆಲ್‌ನಲ್ಲಿ ಒಂದು ಸಾಮಾನ್ಯ ಚೌಕಟ್ಟು ರೂಪುಗೊಂಡದ್ದು 2014ರ ಸುಮಾರಿಗೆ. ಅದರ ಪ್ರಕಾರ ಪ್ರತಿ ಬಾಗಿಲೂ ಪ್ರತ್ಯೇಕವಾಗಿ ಕಾಣಬೇಕು. ಹಳೆಯದನ್ನು ತಿದ್ದಿದರೆ ಅದನ್ನು ನಂಬಿ ಈಗಾಗಲೇ ಓಡುತ್ತಿರುವ ಯಂತ್ರಗಳು ಕೆಡುತ್ತವೆ; ಬಳಕೆದಾರನ ವ್ಯವಸ್ಥೆಯನ್ನು ಕೆಡಿಸಬಾರದೆಂಬುದು ಕರ್ನೆಲ್ ಸಮುದಾಯದ ಕಟ್ಟುನಿಟ್ಟಿನ ನಿಯಮ. ಆದ್ದರಿಂದ ಹಳೆಯದನ್ನು ಹಾಗೆಯೇ ಬಿಟ್ಟು, ಅದರ ಪಕ್ಕದಲ್ಲಿ ಹೊಸ ಡ್ರೈವರ್ ಒಂದನ್ನು ಬರೆಯಲಾಯಿತು. ಅದು 2020ರ ಜನವರಿಯಲ್ಲಿ ಹೊರಬಂದ 5.5 ಆವೃತ್ತಿಯಲ್ಲಿದೆ. ಪೂರ್ವಾನ್ವಯವಾಗುವ ಸುತ್ತೋಲೆಗಳಿಂದ ಬಳಲಿದ ನೌಕರರು ಈ ಶಿಸ್ತನ್ನು ಮೆಚ್ಚದಿರಲಾರರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಾಫಿಪುಡಿ ಮಾರುವವನಿಗೆ ಫಿಲ್ಟರ್ ಎಲ್ಲರ ಮನೆಯಲ್ಲಿದ್ದಷ್ಟೂ ಲಾಭ. ಚಿಪ್ ಮಾರುವವನಿಗೆ ಡ್ರೈವರ್ ಅಂಥ ಪೂರಕ ವಸ್ತು. ಅದು ಕರ್ನೆಲ್‌ನಲ್ಲಿದ್ದರೆ ಗ್ರಾಹಕನಿಗೆ ಚಿಪ್ ಕೊಂಡ ದಿನವೇ ಕೆಲಸ ಶುರು, ಕಂಪನಿಗೂ ನಿರ್ವಹಣೆಯ ಹೊರೆ ಹಂಚಿಹೋಗುತ್ತದೆ. ಹಾಗಾದರೆ ಎಲ್ಲರೂ ಏಕೆ ಹೀಗೆ ಮಾಡುವುದಿಲ್ಲ? ಮಾರುಕಟ್ಟೆಯನ್ನು ಆಳುವವನಿಗೆ ಮುಚ್ಚಿದ ತಂತ್ರಾಂಶವೇ ಗ್ರಾಹಕನನ್ನು ಕಟ್ಟಿಹಾಕುವ ಹಗ್ಗ. ಸವಾಲೆಸೆಯುವವನು ಬಾಗಿಲು ತೆರೆಯುತ್ತಾನೆ. ದತ್ತಾಂಶ ಕೇಂದ್ರಗಳ ದೊಡ್ಡ ಸ್ವಿಚ್ ಚಿಪ್‌ಗಳ ಪೈಪೋಟಿಗಿಳಿದ ಇಸ್ರೇಲಿನ ಮೆಲನಾಕ್ಸ್ 2015ರಲ್ಲಿ ತನ್ನ ಡ್ರೈವರನ್ನು ಕರ್ನೆಲ್‌ಗೆ ಸೇರಿಸಿದ್ದು ಕೇವಲ ಔದಾರ್ಯದಿಂದ ಎಂದು ನಾನು ನಂಬಲಾರೆ.

ಕಂಪನಿಗಳ ಲೆಕ್ಕ ಏನೇ ಇರಲಿ, ಸರ್ಕಾರದ ಲೆಕ್ಕ ಬೇರೆ ಇರಬೇಕು. ಒಂದು ಕಾಲದಲ್ಲಿ ಇತ್ತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಹಳ್ಳಿಗಳಿಗೆಂದು 128 ಪೋರ್ಟುಗಳ ದೂರವಾಣಿ ವಿನಿಮಯ ಕೇಂದ್ರವನ್ನು ರೂಪಿಸಿತು. ಹವಾನಿಯಂತ್ರಣದ ಹಂಗಿಲ್ಲದ ಆ ಯಂತ್ರ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ. ವಿನ್ಯಾಸವನ್ನು ಸಿ-ಡಾಟ್ ತಾನೇ ಇಟ್ಟುಕೊಳ್ಳದೆ ದೇಶದ ಹಲವು ತಯಾರಕರಿಗೆ ಪರವಾನಗಿ ಕೊಟ್ಟು ಹಂಚಿತು. ಅದೂ ಸ್ವಿಚ್ಚೇ, ಮಾತನ್ನು ಸಾಗಿಸುವ ಸ್ವಿಚ್. ಒಬ್ಬ ಮಾರಾಟಗಾರ ಕೈಬಿಟ್ಟರೆ ಊರಿಗೆ ಊರೇ ಮೂಕವಾಗುವ ಭಯ ಅಲ್ಲಿರಲಿಲ್ಲ.

ಕೇಂದ್ರ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶದ ಅಳವಡಿಕೆಗೆಂದು ನೀತಿಯೊಂದನ್ನು ಪ್ರಕಟಿಸಿತು. ಕಚೇರಿಯ ಗಣಕಗಳಿಗೆ ಅನ್ವಯಿಸುವ ಆ ಎಚ್ಚರ ಗೋಡೆಯ ಮೂಲೆಯ ಪೆಟ್ಟಿಗೆಗೂ ಬೇಕು. ಟೆಂಡರ್ ಪತ್ರದಲ್ಲಿ ಒಂದು ಷರತ್ತು ಸಾಕು: ಚಿಪ್‌ನ ಡ್ರೈವರ್ ಲಿನಕ್ಸ್‌ನ ಮುಖ್ಯ ಕರ್ನೆಲ್‌ನಲ್ಲಿರಬೇಕು, ಇಲ್ಲವಾದರೆ ಎಷ್ಟು ವರ್ಷ ಭದ್ರತಾ ತಿದ್ದುಪಡಿ ಕೊಡಲಾಗುವುದು, ಅನಂತರ ಸೋರ್ಸ್ ಕೋಡ್ ಅನ್ನು ಖರೀದಿದಾರನಿಗೆ ಒಪ್ಪಿಸಲಾಗುವುದೇ ಎಂದು ಲಿಖಿತವಾಗಿ ತಿಳಿಸಬೇಕು. ಡ್ರೈವರ್ ತೆರೆದಿದ್ದೂ ಬೇರೆ ತಂತ್ರಾಂಶ ತುಂಬಲಾಗದಂತೆ ಪೆಟ್ಟಿಗೆಗೆ ಬೀಗ ಜಡಿಯುವವರಿದ್ದಾರೆ. ಷರತ್ತು ಅದನ್ನೂ ಒಳಗೊಳ್ಳಬೇಕು. ಇದರಿಂದ ಕನಿಷ್ಠ ದರ ತುಸು ಏರೀತು, ಹಣಕಾಸು ಇಲಾಖೆ ಆಕ್ಷೇಪಿಸೀತು. ಐದು ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸದಾಗಿ ಕೊಳ್ಳುವ ವೆಚ್ಚವನ್ನು ಪಕ್ಕದ ಅಂಕಣದಲ್ಲಿ ಬರೆದು ತೋರಿಸಿದರೆ ಉತ್ತರ ಕೊಡುವುದು ಕಷ್ಟವಾಗಲಾರದು.

ಮೊನ್ನೆ ಸಂಜೆ ಆ ಹುಡುಗಿ ವಿಜಯನಗರದ ಮೆಟ್ರೊ ಇಳಿದು ಬರುತ್ತಿದ್ದಳು. ‘ಏನಮ್ಮ, ನಿನ್ನ ಕಡತ ಎಲ್ಲಿಗೆ ಬಂತು?’ ಎಂದೆ. ‘ಏಳನೇ ಸಲ ಕಳಿಸ್ತಿದೀನಿ ಅಂಕಲ್’ ಎಂದಳು. ಬರೆದವರೂ ಮುಂದಕ್ಕೆ ಕಳುಹಿಸುವವರೂ ಹೆಸರು ಹಾಕಿ ಹೊಣೆ ಹೊರುವ ಪದ್ಧತಿ ಅಲ್ಲಿಯೂ 2004ರಿಂದ ಇದೆ. ವ್ಯತ್ಯಾಸವೆಂದರೆ ಟಿಪ್ಪಣಿಯನ್ನು ಜಗತ್ತೆಲ್ಲ ಓದಬಹುದು. ಈ ಬಾರಿ ಎರಡು ಆಕ್ಷೇಪಣೆಗಳು ಬಂದಿದ್ದವು. ಘೋಷಣೆಯ ಸಾಲುಗಳಲ್ಲಿ ಉದ್ದದ್ದು ಮೇಲೆ, ಗಿಡ್ಡದ್ದು ಕೆಳಗೆ ಇರಬೇಕು ಎಂಬುದು ಒಂದು. ಅದು ಐದು ನಿಮಿಷದ ಕೆಲಸವಂತೆ. ಬಾಗಿಲುಗಳ ಪಟ್ಟಿಯನ್ನು ಬದಲಿಸುತ್ತಿರುವ ಕ್ಷಣದಲ್ಲೇ ಯಾರಾದರೂ ತಂತಿ ಕಿತ್ತರೆ ಏನಾಗುತ್ತದೆ ಎಂಬುದು ಎರಡನೆಯದು. ಅದನ್ನು ಪರೀಕ್ಷಿಸಲೆಂದೇ ಆಕೆ ಅಂದು ಬೋರ್ಡ್ ಒಂದನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ತಂದಿದ್ದಳು.