ಕಂಗ್ಲಿಷ್‌ಗೆ ಕೈಲಾಸಂ ಲೈಸೆನ್ಸ್ ಕೊಟ್ಟಿಲ್ಲ

ಇವತ್ತು ರಾಜಕೀಯ ಬೇಡ, ಭಾಷೆಯ ವಿಚಾರ ಮಾತಾಡೋಣ.

ಕತ್ರಿಗುಪ್ಪೆ ಕಡೆಯಿಂದ ಇಟ್ಟಮಡುವಿಗೆ ಬನ್ನಿ. ಒಂದು ಕಾಲದ ಊರು, ಈಗ ಬನಶಂಕರಿ ಮೂರನೇ ಹಂತದ ಬೆನ್ನಿಗೆ ಅಂಟಿಕೊಂಡ ಬಡಾವಣೆ. ಹೆಸರಲ್ಲೇ ಹಳೇ ಕನ್ನಡದ ವಾಸನೆ ಇದೆ. ಮಡು ಅಂದರೆ ಆಳವಾಗಿ ನೀರು ನಿಂತ ಜಾಗ. ಅಲ್ಲಿನ ಮುಖ್ಯರಸ್ತೆಯಲ್ಲಿ ಕಾಲು ಗಂಟೆ ನಿಂತು ಕಿವಿ ಕೊಡಿ. "ರೆಂಟ್ ಎಷ್ಟು, ಅಡ್ವಾನ್ಸ್ ಎಷ್ಟು, ವಾಟರ್ ಪ್ರಾಬ್ಲಂ ಇಲ್ವಾ?" "ಮಗೂಗೆ ಫೀವರ್ ಬಂದಿದೆ, ಸ್ಕೂಲಿಗೆ ಲೀವ್ ಹೇಳಿದೀನಿ." "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್." ಇದು ದಕ್ಷಿಣ ಬೆಂಗಳೂರಿನ ದಿನನಿತ್ಯದ ಕನ್ನಡ. ಜಯನಗರದಲ್ಲೂ ಇದೇ, ಜೆ.ಪಿ. ನಗರದಲ್ಲೂ ಇದೇ.

ಇದೇನ್ರೀ ಕನ್ನಡ, ಅಂತ ಯಾರಾದರೂ ಮುಖ ಸಿಂಡರಿಸಿದರೆ ಉತ್ತರ ರೆಡಿ ಇರುತ್ತೆ. "ಅಯ್ಯೋ, ಕೈಲಾಸಂ ಅಂಥವರೇ ಹೀಗೆ ಬರೆದಿದ್ದಾರೆ, ನಮ್ಮದೇನು?" ಕೈಲಾಸಂ ನಾಟಕ ಒಂದನ್ನೂ ಓದದವರೂ ಈ ಮಾತು ಹೇಳ್ತಾರೆ. ಹಾಗಾದರೆ ಕೈಲಾಸಂ ನಿಜವಾಗಿ ಮಾಡಿದ್ದೇನು? ನಮ್ಮ ಭಾಷೆಗೆ, ನಮ್ಮ ಸಾಹಿತ್ಯಕ್ಕೆ ಅವರು ಬಿಟ್ಟುಹೋದದ್ದೇನು? ಬೆಂಗಳೂರಿನ ಕನ್ನಡ ಎತ್ತ ಹೋಗ್ತಿದೆ ಅನ್ನೋದು ತಿಳೀಬೇಕಾದರೆ ಈ ಪ್ರಶ್ನೆ ಕೇಳಲೇಬೇಕು.

ಮೊದಲು ಕಾಲ ನೋಡಿ. ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಅಲ್ಲಿಂದ ಮುಂದೆ ಹಲವು ದಶಕ ನಾಟಕ ಅಂದರೆ ಕಂಪನಿ ನಾಟಕ. ಪುರಾಣದ ಕಥೆ, ಝಗಮಗಿಸುವ ಪರದೆ, ಹಾರ್ಮೋನಿಯಂ, ರಾತ್ರಿಯಿಡೀ ಹಾಡು. ರಾಜ, ರಾಣಿ, ಋಷಿ ಎಲ್ಲರೂ ಆಡುವ ಮಾತು ಗ್ರಂಥದ ಕನ್ನಡ. ಜನ ಅದನ್ನು ಪ್ರೀತಿಸಿದರು. ಆದರೆ ಪ್ರೇಕ್ಷಕ ಮನೆಗೆ ಹೋಗಿ ಹೆಂಡತಿ ಜೊತೆ ಆಡುವ ಮಾತಿಗೂ ರಂಗದ ಮೇಲೆ ಕೇಳಿದ ಮಾತಿಗೂ ಸಂಬಂಧವೇ ಇರಲಿಲ್ಲ. ಆಡುಮಾತಿನ ನಾಟಕ ಇರಲೇ ಇಲ್ಲ ಅಂತಲ್ಲ. 1887ರಷ್ಟು ಹಿಂದೆಯೇ ಉತ್ತರ ಕನ್ನಡದ ಕರ್ಕಿಯ ವೆಂಕಟರಮಣ ಶಾಸ್ತ್ರಿ ಸೂರಿ 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ' ಬರೆದಿದ್ದರು. ಆದರೆ ಮೈಸೂರು ಸೀಮೆಯ ಪಟ್ಟಣದ ರಂಗಕ್ಕೆ ಆ ಗಾಳಿ ಬೀಸಿರಲಿಲ್ಲ.

ಆಗ ಬಂದವರು ತ್ಯಾಗರಾಜ ಪರಮಶಿವ ಕೈಲಾಸಂ. ತಂದೆ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಮನೆಮಾತು ತಮಿಳು. ಓದಿದ್ದು ಭೂವಿಜ್ಞಾನ, ಅದೂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ. ಅಲ್ಲಿದ್ದಷ್ಟು ದಿನ ಬಂಡೆ ಪರೀಕ್ಷೆ ಎಷ್ಟು ಮಾಡಿದರೋ, ನಾಟಕದ ಹುಚ್ಚನ್ನಂತೂ ಹೊತ್ತು ತಂದರು. ಆಗ ಲಂಡನ್ನಿನಲ್ಲಿ ಬರ್ನಾರ್ಡ್ ಶಾ ಕಾಲ. ಮನೆಯ ನಡುಕೋಣೆಯ ಜಗಳವನ್ನೇ ನಾಟಕ ಮಾಡಬಹುದು ಅಂತ ಯುರೋಪು ತೋರಿಸಿಕೊಟ್ಟಿತ್ತು. ಇಲ್ಲಿಗೆ ಬಂದು ಸರ್ಕಾರಿ ಕೆಲಸಕ್ಕೆ ಸೇರಿದರು, ಅದರಲ್ಲಿ ನಿಲ್ಲಲಿಲ್ಲ. ಬೆಂಗಳೂರಿನ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ನಡೆಸಿದ ಸ್ಪರ್ಧೆಯಲ್ಲಿ ಅವರ 'ಟೊಳ್ಳು ಗಟ್ಟಿ' ಬಹುಮಾನ ಪಡೀತು. ಅಲ್ಲಿಂದ ಕನ್ನಡ ರಂಗದ ದಾರಿಯೇ ಬೇರೆಯಾಯ್ತು.

'ಟೊಳ್ಳು ಗಟ್ಟಿ'ಯಲ್ಲಿ ಇರೋದೇನು? ಇಬ್ಬರು ಹುಡುಗರು. ಪುಟ್ಟು ಪರೀಕ್ಷೆ, ಅಂಕ ಅಂತ ಓಡ್ತಾನೆ. ಮಾಧು ಕಷ್ಟದಲ್ಲಿರೋರ ಕಡೆ ಓಡ್ತಾನೆ. ಯಾರು ಟೊಳ್ಳು, ಯಾರು ಗಟ್ಟಿ? ನೂರು ವರ್ಷ ಆಯ್ತು. ಇವತ್ತು ಯಾವುದೇ ಅಪಾರ್ಟ್‌ಮೆಂಟಿನ ಬಾಗಿಲು ತಟ್ಟಿ ನೋಡಿ, ಸಿಇಟಿ, ನೀಟ್ ರ್‍ಯಾಂಕಿನ ಮಾತಿನ ನಡುವೆ ಆ ಪ್ರಶ್ನೆ ಹಾಗೇ ಕೂತಿದೆ.

ಈಗ ಭಾಷೆಗೆ ಬರೋಣ. ಕೈಲಾಸಂ ನಾಟಕಗಳ ಹೆಸರುಗಳನ್ನು ಸುಮ್ಮನೆ ಜೋರಾಗಿ ಓದಿ. 'ಬಂಡ್ವಾಳ್ವಿಲ್ಲದ ಬಡಾಯಿ'. 'ನಮ್ ಬ್ರಾಹ್ಮಣ್ಕೆ'. 'ತಾಳಿ ಕಟ್ಟೋಕ್ಕೂಲೀನೇ'. ವ್ಯಾಕರಣದ ಮೇಷ್ಟ್ರು ತಿದ್ದಿದರೆ 'ಬಂಡವಾಳವಿಲ್ಲದ', 'ನಮ್ಮ ಬ್ರಾಹ್ಮಣಿಕೆ', 'ತಾಳಿ ಕಟ್ಟುವುದಕ್ಕೆ ಕೂಲಿಯೇ' ಅಂತ ಆಗಬೇಕು. ಕೈಲಾಸಂ ಬಾಯಲ್ಲಿ ನುಂಗಿಹೋಗುವ ಸ್ವರವನ್ನು ಕಾಗದದ ಮೇಲೂ ನುಂಗಿಸಿಬಿಟ್ಟರು. ಕಿವಿಗೆ ಬಿದ್ದದ್ದೇ ಕಾಗುಣಿತ. ಅದಕ್ಕೆ ಕಾರಣವೂ ಇದೆ. ಅವರ ನಾಟಕ ಹುಟ್ಟುತ್ತಿದ್ದದ್ದು ಬಾಯಲ್ಲಿ. ಇಡೀ ನಾಟಕವನ್ನು ತಲೆಯಲ್ಲಿಟ್ಟುಕೊಂಡು, ಎಲ್ಲ ಪಾತ್ರಗಳನ್ನೂ ತಾವೇ ಆಡಿ ತೋರಿಸೋರು, ಗೆಳೆಯರು ಬರ್ಕೊಳ್ಳೋರು. ಹಾಗಾಗಿ ಅವರ ಪುಸ್ತಕವನ್ನು ಕಣ್ಣಲ್ಲಿ ಓದಿದರೆ ತೊಡಕು, ಬಾಯಿಬಿಟ್ಟು ಓದಿದರೆ ಸಲೀಸು.

ಇನ್ನು ಆ ಇಂಗ್ಲಿಷು. 'ಹೋಂ ರೂಲು', 'ನಮ್ ಕ್ಲಬ್ಬು'. ಆ ಪದಗಳ ಕೊನೆ ಗಮನಿಸಿದಿರಾ? ರೂಲ್ ಹೋಗಿ ರೂಲು ಆಯ್ತು, ಕ್ಲಬ್ ಹೋಗಿ ಕ್ಲಬ್ಬು ಆಯ್ತು. ಬಸ್ಸು, ಕಾರು, ಪೆನ್ನು, ಬ್ಯಾಂಕು ಎಲ್ಲ ಹೀಗೇ ಬಂದವು. ಹೊರಗಿನ ಪದ ಮನೆಗೆ ಬಂದರೆ ಕನ್ನಡ ಅದಕ್ಕೊಂದು ಸ್ವರದ ಬಾಲ ಅಂಟಿಸಿ ಒಳಗೆ ಕರ್ಕೊಳ್ಳುತ್ತೆ. ಅರ್ಜಿ, ದಫ್ತರು, ಮೇಜು ಎಲ್ಲವೂ ಹೊರಗಿನಿಂದ ಬಂದವೇ, ಈಗ ಅವನ್ನು ಪರಕೀಯ ಅಂತ ಯಾರೂ ಅನ್ನೋದಿಲ್ಲ. ನಮ್ಮ ಇಟ್ಟಮಡುವಿನ ಮಾತು ಮತ್ತೆ ನೋಡಿ. "ಸ್ಕೂಲಿಗೆ ಲೀವ್ ಹೇಳಿದೀನಿ." ಸ್ಕೂಲು ಹೊರಗಿನದು, 'ಗೆ' ನಮ್ಮದು. ಲೀವ್ ಹೊರಗಿನದು, 'ಹೇಳಿದೀನಿ' ನಮ್ಮದು. ಮಾಂಸ ಬೇರೆಯದಿರಬಹುದು, ಮೂಳೆ ಕನ್ನಡದ್ದು. ಈ ಮೂಳೆಯನ್ನು ರಂಗದ ಮೇಲೆ ಎಲ್ಲರ ಕಿವಿಗೆ ಬೀಳುವ ಹಾಗೆ ತೋರಿಸಿದವರು ಕೈಲಾಸಂ.

ಆದರೆ ಇಲ್ಲೇ ನಾವು ಎಡವುತ್ತಿರೋದು. ಕೈಲಾಸಂ ನಾಟಕದಲ್ಲಿ ಎಲ್ಲರೂ ಒಂದೇ ಥರ ಇಂಗ್ಲಿಷ್ ಬೆರೆಸೋದಿಲ್ಲ. ಇಂಗ್ಲಿಷ್ ಓದಿದ ಗಂಡಸು ಬೆರೆಸ್ತಾನೆ. ಕೋರ್ಟು, ಕಚೇರಿ, ಕ್ಲಬ್ಬಿನ ಗತ್ತನ್ನು ಮನೆಯೊಳಗೂ ತರೋಕೆ ಬೆರೆಸ್ತಾನೆ. ಒಳಮನೆಯ ಹೆಂಗಸರು ಆಡೋದು ಬೇರೆ ಕನ್ನಡ, ಆಳುಕಾಳುಗಳದ್ದು ಇನ್ನೊಂದು ಕನ್ನಡ. ಬೆರಕೆ ಅಲ್ಲಿ ಒಂದು ಗುರುತಿನ ಚೀಟಿ ಇದ್ದ ಹಾಗೆ. ಯಾರಿಗೆ ಎಷ್ಟು ಓದು, ಎಷ್ಟು ಜಂಬ, ಎಷ್ಟು ಅಳುಕು ಅನ್ನೋದು ಬಾಯಿ ತೆರೆದ ತಕ್ಷಣ ಗೊತ್ತಾಗುತ್ತೆ. ಜನ ಬಿದ್ದು ಬಿದ್ದು ನಗ್ತಿದ್ದರು. ನಗುತ್ತಾ ನಗುತ್ತಾ ತಮ್ಮನ್ನೇ ನೋಡ್ಕೋತಿದ್ದರು. ಅಂದರೆ ಕೈಲಾಸಂ ಕಂಗ್ಲಿಷ್‌ಗೆ ಹಿಡಿದದ್ದು ಕನ್ನಡಿ. ಕನ್ನಡಿ ತೋರಿಸಿದವನನ್ನು ಲೈಸೆನ್ಸ್ ಕೊಟ್ಟವನು ಅನ್ನೋದು ಯಾವ ನ್ಯಾಯ?

ನಗುವಿನ ಹಿಂದೆ ಇದ್ದದ್ದು ಸಣ್ಣ ವಿಷಯವೂ ಅಲ್ಲ. ತಾಳಿ ಕಟ್ಟೋದಕ್ಕೆ ಕೂಲಿ ಬೇರೆ ಕೊಡಬೇಕಾ ಅಂತ ಹೆಸರಲ್ಲೇ ವರದಕ್ಷಿಣೆಯ ಕೆನ್ನೆಗೆ ಬಾರಿಸಿದರು. 'ಬಹಿಷ್ಕಾರ'ದಲ್ಲಿ ಜಾತಿಯ ಕಟ್ಟುಪಾಡು ಒಂದು ಮನೆಯನ್ನು ಹೇಗೆ ನಲುಗಿಸುತ್ತೆ ಅಂತ ತೋರಿಸಿದರು. 'ಸೂಳೆ' ಅಂತ ಸಮಾಜ ಮುಖ ತಿರುಗಿಸೋ ಹೆಣ್ಣಿನ ಕಡೆ ಮುಖ ಮಾಡಿ ಬರೆದರು. ಇಂಥ ಮಾತನ್ನು ಗ್ರಂಥದ ಕನ್ನಡದಲ್ಲಿ ಹೇಳಿದ್ದರೆ ಜನ ತಲೆದೂಗಿ ಎದ್ದು ಹೋಗ್ತಿದ್ದರು. ತಮ್ಮದೇ ಮಾತಿನಲ್ಲಿ ಹೇಳಿದ್ದಕ್ಕೆ ಚುಚ್ಚಿತು.

ಒಂದು ಕುತೂಹಲದ ಸಂಗತಿ ಕೇಳಿ. ಇದೇ ಮನುಷ್ಯ ಮಹಾಭಾರತದ ಕರ್ಣ, ಕೀಚಕ, ಏಕಲವ್ಯರ ಬಗ್ಗೆ ಬರೆಯೋಕೆ ಕೂತಾಗ ಆರಿಸಿಕೊಂಡದ್ದು ಇಂಗ್ಲಿಷ್ ಭಾಷೆ, ಅದೂ ಷೇಕ್ಸ್‌ಪಿಯರ್ ನೆರಳಿರುವ ಘನವಾದ ಇಂಗ್ಲಿಷ್. ಅಲ್ಲಿ ಬೆರಕೆಯ ತಮಾಷೆ ಇಲ್ಲ. ಯಾವುದನ್ನು ಯಾವ ಭಾಷೆಯಲ್ಲಿ ಹೇಳಬೇಕು ಅನ್ನೋ ಆಯ್ಕೆ ಅವರ ಕೈಯಲ್ಲಿತ್ತು. ತಮಿಳು ಗೊತ್ತು, ಇಂಗ್ಲಿಷ್ ಗೊತ್ತು, ಕನ್ನಡದ ಒಳಮನೆ, ಹೊರಮನೆ ಎರಡೂ ಗೊತ್ತು. ಗೊತ್ತಿದ್ದು ಬೆರೆಸಿದರು.

ಹಾಗಾದರೆ ಅವರಿಂದ ಉಳಿದದ್ದೇನು? ಷೇಕ್ಸ್‌ಪಿಯರ್ ಹೆಸರು ಕೇಳದವರೂ ಅವನ ನುಡಿಗಟ್ಟುಗಳನ್ನು ದಿನಾ ಬಳಸ್ತಾರೆ ಅಂತ ಇಂಗ್ಲಿಷಿನವರು ಹೆಮ್ಮೆ ಪಡ್ತಾರೆ. ನಮ್ಮಲ್ಲಿ 'ಬಂಡವಾಳವಿಲ್ಲದ ಬಡಾಯಿ' ಗಾದೆಯ ಹಾಗೆ ನಿಂತುಬಿಟ್ಟಿದೆ. ಚುನಾವಣೆ ಬಂದರೆ ವಾರಕ್ಕೆ ನಾಲ್ಕು ಸಲ ನಮ್ಮ ಸ್ಟುಡಿಯೋದಲ್ಲೇ ಕೇಳಿಬರುತ್ತೆ. ಆ ಹೆಸರಿನ ನಾಟಕದಲ್ಲಿ ಅಹೋಬ್ಲು ಅನ್ನೋ ವಕೀಲನೊಬ್ಬ ಇದ್ದಾನೆ ಅಂತ ಎಷ್ಟು ಜನಕ್ಕೆ ಗೊತ್ತು? ಪರ್ವತವಾಣಿ, ಕ್ಷೀರಸಾಗರ ಅಂಥ ನಾಟಕಕಾರರು ಆಡುಮಾತಿನ ಹಾಸ್ಯ ನಾಟಕದ ದಾರಿಯನ್ನು ಮುಂದುವರಿಸಿದರು. ಹವ್ಯಾಸಿ ರಂಗಭೂಮಿ ಬೆಳೀತು. ಹತ್ತು ಜನ ಗೆಳೆಯರು, ಎರಡು ಕುರ್ಚಿ, ಒಂದು ಮೇಜು ಇದ್ದರೆ ನಾಟಕ ಆಡಬಹುದು ಅನ್ನೋ ಧೈರ್ಯ ಸ್ಕೂಲು, ಕಾಲೇಜು, ಬ್ಯಾಂಕಿನ ನೌಕರರವರೆಗೂ ಹಬ್ಬಿತು. ಸಿ.ಆರ್. ಸಿಂಹ ಅವರು 'ಟಿಪಿಕಲ್ ಟಿ.ಪಿ. ಕೈಲಾಸಂ' ಅಂತ ಒಬ್ಬರೇ ನಿಂತು ಕೈಲಾಸಂ ಅವರನ್ನೇ ರಂಗಕ್ಕೆ ತಂದರು. ನಾಟಕಕಾರನೇ ಪಾತ್ರ ಆಗೋದು ಅಂದರೆ ಸಣ್ಣ ಮಾತಲ್ಲ.

1945ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕೈಲಾಸಂ ಅಧ್ಯಕ್ಷರು. ಮರುವರ್ಷ, 1946ರಲ್ಲಿ ತೀರಿಕೊಂಡರು. ಅಡುಗೆಮನೆಯ, ಕ್ಲಬ್ಬಿನ, ಬೀದಿಯ ಕನ್ನಡವನ್ನು ಬರೆದವರಿಗೆ ಸಾಹಿತ್ಯ ಪರಿಷತ್ತಿನ ಅತಿ ದೊಡ್ಡ ಗೌರವ ಸಿಕ್ಕಿತು. ಆಡುಮಾತೂ ಸಾಹಿತ್ಯ ಅಂತ ಒಪ್ಪಿಕೊಂಡ ಕ್ಷಣ ಅಂತ ನಾನು ಅದನ್ನು ನೋಡ್ತೀನಿ.

ಮಿತಿಯನ್ನೂ ಹೇಳಲೇಬೇಕು. ಕೈಲಾಸಂ ಕಿವಿಗೆ ಬಿದ್ದದ್ದು ಬಹುಮಟ್ಟಿಗೆ ಬೆಂಗಳೂರು, ಮೈಸೂರಿನ ಓದಿದ ಬ್ರಾಹ್ಮಣ ಮನೆಗಳ ಕನ್ನಡ. ಹುಬ್ಬಳ್ಳಿಯವರಿಗೆ, ಕಲಬುರಗಿಯವರಿಗೆ ಅದು ಪಕ್ಕದ ಮನೆಯ ಮಾತು. ಹೊಲಗೇರಿ, ಒಕ್ಕಲಗೇರಿಯ ದನಿ ಅಲ್ಲಿ ಕೇಳೋದು ಕಡಿಮೆ. ಆ ಕೆಲಸ ಬೇರೆಯವರು ಮಾಡಿದರು. ಶ್ರೀರಂಗರು ಧಾರವಾಡದ ಕಡೆಯ ಕನ್ನಡ ತಂದರು. ಚಂದ್ರಶೇಖರ ಕಂಬಾರರು 'ಜೋಕುಮಾರಸ್ವಾಮಿ'ಯಲ್ಲಿ ಬೆಳಗಾವಿ ಸೀಮೆಯ ಜನಪದದ ಕಸುವು ತಂದರು. ದೇವನೂರ ಮಹಾದೇವ 'ಕುಸುಮಬಾಲೆ' ಬರೆದು ನಂಜನಗೂಡು, ಚಾಮರಾಜನಗರದ ಕಡೆಯ ದಲಿತರ ನುಡಿಯನ್ನು ಕಾದಂಬರಿ ಮಾಡಿದರು. ಇವರೆಲ್ಲ ಕೈಲಾಸಂ ಶಿಷ್ಯರು ಅಂದರೆ ತಪ್ಪಾಗುತ್ತೆ. ಇವರ ಬೇರುಗಳು ಬೇರೆ, ನೋವು ಬೇರೆ. ಆದರೆ ಎಲ್ಲರೂ ಸೇರಿ ಒಂದು ವಿಷಯ ಸಾಬೀತು ಮಾಡಿದರು. ಜನ ಹೇಗೆ ಆಡ್ತಾರೋ ಆ ಮಾತಿಗೂ ಪುಸ್ತಕದಲ್ಲಿ ಜಾಗ ಇದೆ.

ಈಗ ವಾಪಸ್ ನಮ್ಮ ಕಾಲಕ್ಕೆ. ಬೆಂಗಳೂರಿನಲ್ಲಿ ನಾಮಫಲಕದ ಮೇಲೆ ಶೇಕಡ 60ರಷ್ಟು ಕನ್ನಡ ಇರಬೇಕು ಅಂತ ಹೋರಾಟ ಆಯ್ತು, ನಿಯಮ ಬಂತು. ಒಳ್ಳೆಯದೇ. ಬೋರ್ಡಿನಲ್ಲಿ ಕನ್ನಡ ಇರಲೇಬೇಕು. ಆದರೆ ಬೋರ್ಡಿನ ಕೆಳಗೆ ನಿಂತ ಮಗುವಿನ ಬಾಯಲ್ಲಿ ಎಷ್ಟು ಪರ್ಸೆಂಟ್ ಇದೆ? ಅಜ್ಜಿ ಕನ್ನಡದಲ್ಲಿ ಕೇಳ್ತಾರೆ, ಮೊಮ್ಮಗ ಇಂಗ್ಲಿಷಿನಲ್ಲಿ ಉತ್ತರ ಕೊಡ್ತಾನೆ. ಅರ್ಥ ಆಗುತ್ತೆ, ಆಡೋಕೆ ಬರೋಲ್ಲ. ಅಂಥ ಮನೆಗಳು ಇಟ್ಟಮಡುವಿನಲ್ಲೂ ಇವೆ, ನಿಮ್ಮ ಬೀದಿಯಲ್ಲೂ ಇವೆ. ಭಾಷೆ ಸೋರಿಹೋಗೋದು ಹೀಗೆ, ಸದ್ದಿಲ್ಲದೆ, ಒಂದೊಂದೇ ಕ್ರಿಯಾಪದವಾಗಿ.

ಅದಕ್ಕೆ ನನ್ನ ಪರೀಕ್ಷೆ ಒಂದೇ. ನೀವು "ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನಿ, ಬೇಜಾರಿಲ್ಲ. ಬೇಕಾದಾಗ "ಹೊಂದಿಕೊಳ್ಳಿ", "ಸ್ವಲ್ಪ ಸುಧಾರಿಸಿಕೊಳ್ಳಿ" ಅನ್ನೋಕೆ ಬರುತ್ತಾ? ಬಂದರೆ ನೀವು ಬೆರೆಸ್ತಿದೀರಿ. ಬರದಿದ್ದರೆ ನೀವು ಕಳ್ಕೊಳ್ತಿದೀರಿ. ಬಂಡವಾಳ ಇದ್ದವರ ಬೆರಕೆ ಬೇರೆ, ಬಂಡವಾಳ ಇಲ್ಲದವರ ಬಡಾಯಿ ಬೇರೆ. ಕೈಲಾಸಂ ಹೆಸರು ಹೇಳೋ ಮುಂಚೆ ಅವರಿಗಿದ್ದ ಬಂಡವಾಳದಲ್ಲಿ ಒಂದು ಹಿಡಿಯಾದರೂ ನಮ್ಮ ಹತ್ತಿರ ಇದೆಯಾ ನೋಡ್ಕೋಬೇಕು.

ಇನ್ನೊಂದು ಮಾತು. ಕನ್ನಡದ ಕಿವಿ ಅಂತ ಯಾರನ್ನು ಹೊಗಳ್ತೀವೋ ಆ ಕೈಲಾಸಂ ಮನೆಮಾತು ತಮಿಳು. ಮಾಸ್ತಿ ಅವರ ಮನೆಮಾತೂ ತಮಿಳು, ಬೇಂದ್ರೆ ಅವರದು ಮರಾಠಿ. ಪಿಜಿಯಲ್ಲಿರೋ ಬೇರೆ ರಾಜ್ಯದ ಹುಡುಗ ತಪ್ಪು ತಪ್ಪಾಗಿ ಕನ್ನಡ ಆಡಿದರೆ ನಗಬೇಡಿ, ಉತ್ತರವನ್ನು ಕನ್ನಡದಲ್ಲೇ ಕೊಡಿ. ಕಿವಿಗೆ ಬಿದ್ದರೆ ತಾನೇ ಬಾಯಿಗೆ ಬರೋದು?

ದಕ್ಷಿಣ ಬೆಂಗಳೂರಿನವರಿಗೆ ನೆಪ ಹೇಳೋಕೆ ಅವಕಾಶವೂ ಇಲ್ಲ. ಹನುಮಂತನಗರದಲ್ಲಿ ಕೆ.ಎಚ್. ಕಲಾಸೌಧ ಇದೆ, ಜೆ.ಪಿ. ನಗರದಲ್ಲಿ 2004ರಲ್ಲಿ ಶುರುವಾದ ರಂಗಶಂಕರ ಇದೆ. ಒಂದು ಭಾನುವಾರ ಮಕ್ಕಳನ್ನು ಕನ್ನಡ ನಾಟಕಕ್ಕೆ ಕರ್ಕೊಂಡು ಹೋಗಿ. ಅದೂ ಆಗದಿದ್ದರೆ 'ಟೊಳ್ಳು ಗಟ್ಟಿ' ತಂದು, ಟಿವಿ ಆಫ್ ಮಾಡಿ, ಹೌದು ನಮ್ಮ ಚಾನೆಲ್ಲನ್ನೂ ಆಫ್ ಮಾಡಿ, ಮನೆಯವರೆಲ್ಲ ಪಾತ್ರ ಹಂಚಿಕೊಂಡು ಜೋರಾಗಿ ಓದಿ. ಅಜ್ಜಿಗೂ ಒಂದು ಪಾತ್ರ ಕೊಡಿ. ಮೊಮ್ಮಗ ಎಲ್ಲಿ ತಡವರಿಸ್ತಾನೋ ಅಲ್ಲಿ ಅಜ್ಜಿ ಹೇಳಿಕೊಡಲಿ.