ಪಿಕಪ್ ಗಾಡಿಗೆ ಡೀಸೆಲ್ ಎಷ್ಟು? ಕ್ವಿಂಟಾಲಿನ ಮೇಲೆ ಲೆಕ್ಕ ಹಾಕಿ

ಬೆಳೆ ತೆಗೆಯುವುದು ಒಂದು ಕಷ್ಟವಾದರೆ, ತೆಗೆದ ಬೆಳೆಯನ್ನು ಪೇಟೆಗೆ ಮುಟ್ಟಿಸುವುದು ಇನ್ನೊಂದು ಕಷ್ಟ. ಚಿತ್ರದುರ್ಗ ಜಿಲ್ಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯೂರು, ಚಿತ್ರದುರ್ಗದ ಕಡೆಯ ಈರುಳ್ಳಿ ಬೆಂಗಳೂರಿನ ಮಂಡಿಗೆ ಹೋಗಬೇಕು. ಹೊಸದುರ್ಗದ ಕೊಬ್ಬರಿ ತಿಪಟೂರಿಗೆ, ಹೊಳಲ್ಕೆರೆಯ ಅಡಿಕೆ ಭೀಮಸಮುದ್ರಕ್ಕೆ ಹೋಗಬೇಕು. ಧಾರಣೆ ಚೆನ್ನಾಗಿದ್ದಾಗ ಸಾಗಣೆಯ ಖರ್ಚು ಕಣ್ಣಿಗೆ ಬೀಳುವುದಿಲ್ಲ. ಧಾರಣೆ ಕುಸಿದಾಗ ಮಾತ್ರ ಗಾಡಿ ಬಾಡಿಗೆ, ಹಮಾಲಿ ಕಳೆದು ಕೈಗೆ ಬರುವುದೇನು ಎಂಬ ಪ್ರಶ್ನೆ ಏಳುತ್ತದೆ. ಬಾಡಿಗೆಯಲ್ಲಿ ದೊಡ್ಡ ಪಾಲು ಡೀಸೆಲ್ಲಿನದು.

ಡೀಸೆಲ್ ಬೆಲೆಯ ಮೇಲಿನ ಸರ್ಕಾರಿ ನಿಯಂತ್ರಣ 2014ರ ಅಕ್ಟೋಬರಿನಲ್ಲಿ ಹೋಯಿತು. ರಾಜ್ಯದ ಮಾರಾಟ ತೆರಿಗೆ 2024ರ ಜೂನಿನಲ್ಲಿ ಒಮ್ಮೆ, 2025ರ ಏಪ್ರಿಲಿನಲ್ಲಿ ಮತ್ತೊಮ್ಮೆ ಏರಿತು. ಆದ್ದರಿಂದ ಸ್ವಂತ ಪಿಕಪ್ ಕೊಳ್ಳಬೇಕೆನ್ನುವವರೂ ಈಗಾಗಲೇ ಇಟ್ಟುಕೊಂಡವರೂ ಡೀಸೆಲ್ ಲೆಕ್ಕವನ್ನು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು. "ಲೀಟರಿಗೆ ಎಷ್ಟು ಕೊಡುತ್ತದೆ?" ಎಂದು ಕೇಳುವುದು ವಾಡಿಕೆ. ಆದರೆ ಅದೊಂದೇ ಪ್ರಶ್ನೆಯಿಂದ ರೈತನಿಗೆ ಬೇಕಾದ ಉತ್ತರ ಸಿಗುವುದಿಲ್ಲ.

ಯಾವ ಗಾಡಿಗೆ ಎಷ್ಟು ಸಿಲಿಂಡರ್?

ನಮ್ಮ ಕಡೆ ಓಡುವ ಸಣ್ಣ ಸರಕು ಗಾಡಿಗಳೆಲ್ಲ ಒಂದೇ ಜಾತಿಯವಲ್ಲ. 2005ರಲ್ಲಿ ಬಂದ ಟಾಟಾ ಏಸ್‌ಗೆ 702 ಸಿ.ಸಿ.ಯ ಎರಡು ಸಿಲಿಂಡರ್ ಎಂಜಿನ್ ಇತ್ತು. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಮೂರು ಸಿಲಿಂಡರಿನದು. ಮಹೀಂದ್ರಾ ಬೊಲೆರೊ ಪಿಕಪ್‌ನ 2523 ಸಿ.ಸಿ. ಎಂಜಿನ್, ಟಾಟಾ ಯೋಧದ 2.2 ಲೀಟರ್ ಎಂಜಿನ್, ಟಾಟಾ ಇಂಟ್ರಾ ವಿ30ರ ಒಂದೂವರೆ ಲೀಟರ್ ಎಂಜಿನ್ ಇವು ನಾಲ್ಕು ಸಿಲಿಂಡರಿನವು.

ಸಿಲಿಂಡರ್ ಹೆಚ್ಚಿದಷ್ಟೂ ಎಂಜಿನ್ ಸಮವಾಗಿ ಓಡುತ್ತದೆ, ಏರಿನಲ್ಲಿ ಸುಲಭವಾಗಿ ಎಳೆಯುತ್ತದೆ. ಆದರೆ ಒಳಗಿನ ಉಜ್ಜಾಟವೂ ಗಾಡಿಯ ಸ್ವಂತ ತೂಕವೂ ಹೆಚ್ಚುತ್ತವೆ. ಖಾಲಿ ಓಡಿದರೂ ದೊಡ್ಡ ಎಂಜಿನ್ ತನ್ನ ಪಾಲಿನ ಡೀಸೆಲ್ ಕುಡಿದೇ ಕುಡಿಯುತ್ತದೆ. ತುಂಬಿದ ಎತ್ತಿನಗಾಡಿ ಹೊಡೆದರೂ ಖಾಲಿ ಗಾಡಿ ಹೊಡೆದರೂ ಎತ್ತಿಗೆ ಮೇವು ಹಾಕಲೇಬೇಕಾದಂತೆ ಇದು.

ಪರೀಕ್ಷೆಯ ಮೈಲೇಜು, ರಸ್ತೆಯ ಮೈಲೇಜು

ಜಾಹೀರಾತಿನಲ್ಲಿ ಕಾಣುವ ಮೈಲೇಜು ಸಾಮಾನ್ಯವಾಗಿ ಪರೀಕ್ಷಾಲಯದ ಅಂಕಿ. ಪುಣೆಯ ಭಾರತೀಯ ವಾಹನ ಸಂಶೋಧನಾ ಸಂಘದಂಥ ಕಡೆ ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ವೇಗಗಳಲ್ಲಿ ಸುಮಾರು 20 ನಿಮಿಷ ಓಡಿಸಿ ಅಳೆಯುತ್ತಾರೆ. ಒಂದು ಗಾಡಿಯನ್ನು ಇನ್ನೊಂದರ ಜೊತೆ ಹೋಲಿಸಲು ಇದು ಉಪಯುಕ್ತ. ಆದರೆ ಅಲ್ಲಿ 30 ಚೀಲ ಈರುಳ್ಳಿ ಇರುವುದಿಲ್ಲ, ಎದುರುಗಾಳಿ ಇರುವುದಿಲ್ಲ, ರಸ್ತೆಯ ಮೇಲೆ ಹರಡಿದ ರಾಗಿ ಹುಲ್ಲೂ ಇರುವುದಿಲ್ಲ. ಹೀಗಾಗಿ ನಮ್ಮ ದಾರಿಯಲ್ಲಿ ಮೈಲೇಜು ಕಡಿಮೆ ಬಂದರೆ ಗಾಡಿ ಕೆಟ್ಟಿದೆ ಎಂದು ತಿಳಿಯಬೇಕಾಗಿಲ್ಲ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಓಟ

ಹಿರಿಯೂರಿನಿಂದ ಬೆಂಗಳೂರಿಗೆ ಸುಮಾರು 160 ಕಿ.ಮೀ. ಅಗಲವಾದ ಹೆದ್ದಾರಿ ಇರುವುದರಿಂದ ವೇಗದ ಆಸೆ ಸಹಜ. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60 ಕಿ.ಮೀ. ವೇಗದಲ್ಲಿದ್ದ ತಡೆ 80ಕ್ಕೆ ಏರಿದಾಗ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹೆಚ್ಚಾಗಿರುತ್ತದೆ. ಎತ್ತರಕ್ಕೆ ಪೇರಿಸಿದ ಚೀಲ, ಪಟಪಟ ಬಡಿಯುವ ಟಾರ್ಪಾಲು ಇದನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿ ನೈಋತ್ಯ ದಿಕ್ಕಿಗಿದೆ. ಆಷಾಢದ ಗಾಳಿ ಬೀಸುವುದೂ ಆ ಕಡೆಯಿಂದಲೇ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಈ ಗಾಳಿಯನ್ನು ನಂಬಿಯೇ. ಗಂಟೆಗೆ 20 ಕಿ.ಮೀ. ಎದುರುಗಾಳಿಯಲ್ಲಿ 60ರ ವೇಗದಲ್ಲಿ ಹೋದರೆ, ಗಾಳಿಯ ಮಟ್ಟಿಗೆ ಗಾಡಿ 80ರಲ್ಲಿ ಹೋದಂತೆಯೇ. ವಾಪಸ್ಸು ಬರುವಾಗ ಅದೇ ಗಾಳಿ ಹಿಂದಿನಿಂದ ನೂಕುತ್ತದೆ. ಆದ್ದರಿಂದ ಈ ದಾರಿಯಲ್ಲಿ ಹೋಗುವ ಮೈಲೇಜನ್ನಷ್ಟೇ ನೋಡದೆ ಹೋಗಿ ಬಂದ ಲೆಕ್ಕವನ್ನು ಸೇರಿಸಿ ನೋಡಬೇಕು.

ಹೊಸದುರ್ಗದ ಹಳ್ಳಿಗಳಲ್ಲಿ ತೋಟದಿಂದ ತೆಂಗಿನಕಾಯಿ ಹೊರತರುವ ಗಾಡಿ ಎರಡನೆಯ, ಮೂರನೆಯ ಗೇರಿನಲ್ಲೇ ಬಹಳ ದೂರ ಓಡುತ್ತದೆ. ಬಂಡಿ ಜಾಡು, ಹಳ್ಳ, ರಸ್ತೆ ಉಬ್ಬುಗಳಲ್ಲಿ ಬ್ರೇಕ್ ಹಾಕಿ ಮತ್ತೆ ಎಳೆಯುವಾಗಲೆಲ್ಲ ಡೀಸೆಲ್ ಖರ್ಚು. ಇಲ್ಲಿ ಹೆದ್ದಾರಿಯ ಮೈಲೇಜನ್ನು ನಿರೀಕ್ಷಿಸುವುದು ತಪ್ಪು.

ಚಿತ್ರದುರ್ಗ ಪೇಟೆಯದು ಇನ್ನೊಂದು ಬಗೆ. ಸಂದಣಿ ಇರುವ ರಸ್ತೆ, ಮಾರುಕಟ್ಟೆ ಪ್ರಾಂಗಣದ ಮುಂದಿನ ಸಾಲು, ತೂಕಕ್ಕೆ ಕಾಯುವುದು. ಎರಡೂವರೆ ಲೀಟರ್ ಎಂಜಿನ್ ನಿಂತಲ್ಲೇ ಓಡುತ್ತಿದ್ದರೆ ಗಂಟೆಗೆ ಸುಮಾರು ಅರ್ಧ ಲೀಟರ್ ಡೀಸೆಲ್ ಹೋಗುತ್ತದೆ. ಓಡಿದ ದೂರ ಮಾತ್ರ ಸೊನ್ನೆ.

ಕ್ವಿಂಟಾಲಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಹಿರಿಯೂರಿನಿಂದ ಬೆಂಗಳೂರಿಗೆ ಹೋಗಿ ಬರಲು 320 ಕಿ.ಮೀ. ಎಂದೂ ಡೀಸೆಲ್ ಲೀಟರಿಗೆ 90 ರೂ. ಎಂದೂ ಲೆಕ್ಕದ ಅನುಕೂಲಕ್ಕೆ ಹಿಡಿಯೋಣ. ಕೆಳಗಿನ ಮೈಲೇಜುಗಳೂ ಉದಾಹರಣೆಗೆ ಮಾತ್ರ. ರೈತರು ತಮ್ಮ ಗಾಡಿಯ ಅಂಕಿಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಬೇಕು.

ನಾಲ್ಕು ಸಿಲಿಂಡರಿನ ಪಿಕಪ್ 15 ಕ್ವಿಂಟಾಲ್ ಹೊತ್ತು ಲೀಟರಿಗೆ 10 ಕಿ.ಮೀ., ಖಾಲಿ ಬರುವಾಗ 16 ಕಿ.ಮೀ. ಕೊಟ್ಟರೆ ಹೋಗಲು 16, ಬರಲು 10, ಒಟ್ಟು 26 ಲೀಟರ್ ಬೇಕು. ಎಂದರೆ 2,340 ರೂ. ಕ್ವಿಂಟಾಲಿಗೆ 156 ರೂ. ಬಿತ್ತು.

ಎರಡು ಸಿಲಿಂಡರಿನ ಸಣ್ಣ ಗಾಡಿ ಏಳೂವರೆ ಕ್ವಿಂಟಾಲ್ ಹೊತ್ತು 16 ಕಿ.ಮೀ., ಖಾಲಿ 20 ಕಿ.ಮೀ. ಕೊಟ್ಟರೆ ಒಟ್ಟು 18 ಲೀಟರ್, 1,620 ರೂ. ಸಾಕು. ಮೈಲೇಜು ಇದರದೇ ಮೇಲು. ಆದರೆ ಕ್ವಿಂಟಾಲಿಗೆ 216 ರೂ. ಬೀಳುತ್ತದೆ. 50 ಕಿಲೋ ಚೀಲಕ್ಕೆ 30 ರೂ. ಹೆಚ್ಚು. ಧಾರಣೆ ಬಿದ್ದ ದಿನ ಇದು ಸಣ್ಣ ಮೊತ್ತವಲ್ಲ.

ಹಾಗೆಂದು ದೊಡ್ಡ ಗಾಡಿಯೇ ಎಲ್ಲರಿಗೂ ಲಾಭವೆಂದಲ್ಲ. ಕೊಂಡೊಯ್ಯುವುದು 6 ಕ್ವಿಂಟಾಲ್ ಮಾತ್ರವಾದರೆ ಲೆಕ್ಕ ತಿರುಗುತ್ತದೆ. ಭಾರ ಕಡಿಮೆಯಾದ್ದರಿಂದ ದೊಡ್ಡ ಗಾಡಿಗೆ ಇಪ್ಪತ್ತೆರಡೂವರೆ ಲೀಟರ್ ಸಾಕಾದರೂ ಕ್ವಿಂಟಾಲಿಗೆ 337 ರೂ. ದಾಟುತ್ತದೆ. ಸಣ್ಣ ಗಾಡಿಗೆ ಅದೇ 18 ಲೀಟರ್ ಎಂದು ಹಿಡಿದರೂ 270 ರೂ. ಮಾತ್ರ. ದೊಡ್ಡ ಗಾಡಿ ಲಾಭ ತರಬೇಕಾದರೆ ಅದು ತುಂಬಬೇಕು.

ವಾಪಸ್ಸು ಬರುವಾಗ ಖಾಲಿ ಬರದಿದ್ದರೆ ಇನ್ನೂ ಮೇಲು. ಮೊದಲು ಹೇಳಿದ ಪಿಕಪ್ಪೇ ಬರುವಾಗ 10 ಕ್ವಿಂಟಾಲ್ ಹಿಂಡಿಯನ್ನೋ ಗೊಬ್ಬರವನ್ನೋ ತಂದು ಒಟ್ಟು 30 ಲೀಟರ್ ಕುಡಿದರೂ 25 ಕ್ವಿಂಟಾಲಿಗೆ ಹಂಚಿದಾಗ ಕ್ವಿಂಟಾಲಿಗೆ 108 ರೂ. ಮಾತ್ರ ಬೀಳುತ್ತದೆ. ಯಾವ ಎಂಜಿನ್ನೂ ಕೊಡಲಾಗದ ಉಳಿತಾಯವನ್ನು ವಾಪಸ್ಸಿನ ಲೋಡು ಕೊಡುತ್ತದೆ.

ಮನೆಯಲ್ಲೇ ಅಳೆಯುವ ಕ್ರಮ

ಇದಕ್ಕೆ ಬೇಕಾದದ್ದು ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲ್.

1. ಟ್ಯಾಂಕ್ ಪೂರ್ತಿ ತುಂಬಿಸಿ. ಬಂಕಿನ ಪಂಪು ತಾನಾಗಿ ನಿಂತ ಮೇಲೆ ಮತ್ತೆ ಸುರಿಸಬಾರದು. ಕಿಲೋಮೀಟರ್ ಅಂಕಿಯನ್ನು ಬರೆದುಕೊಳ್ಳಿ.

2. ಕನಿಷ್ಠ 300 ಕಿ.ಮೀ. ಓಡಿದ ಮೇಲೆ ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಮತ್ತೆ ಪೂರ್ತಿ ತುಂಬಿಸಿ. ಓಡಿದ ದೂರವನ್ನು ಹಿಡಿಸಿದ ಲೀಟರಿನಿಂದ ಭಾಗಿಸಿ.

3. ಪ್ರತಿ ಓಟಕ್ಕೆ ಹೊತ್ತ ತೂಕ, ಹೋದ ದಾರಿ, ಎಂಜಿನ್ ಓಡುತ್ತಾ ನಿಂತ ಹೊತ್ತು ಇವನ್ನು ಪಕ್ಕದಲ್ಲೇ ಬರೆಯಿರಿ.

4. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಒಂದೇ ಸಲದ ಅಂಕಿಯನ್ನು ನಂಬಬಾರದು.

5. ಟೈರಿನ ಅಳತೆ ಬದಲಿಸಿದ್ದರೆ ಮೀಟರು ತಪ್ಪು ತೋರಿಸುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ನೋಡಿ 10 ಕಿ.ಮೀ. ತಾಳೆ ಹಾಕಿ.

ಹೀಗೆ ಬರೆದಿಟ್ಟರೆ ಇನ್ನೊಂದು ಪ್ರಯೋಜನವೂ ಉಂಟು. ಅದೇ ದಾರಿ, ಅದೇ ಭಾರಕ್ಕೆ ಮೈಲೇಜು ದಿಢೀರನೆ ಇಳಿದರೆ ಗಾಡಿಯಲ್ಲಿ ಏನೋ ತೊಂದರೆ ಇದೆ ಎಂದು ಬೇಗ ಗೊತ್ತಾಗುತ್ತದೆ.

ಡೀಸೆಲ್ ಉಳಿಸುವ ಬಗೆ

1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ಗಂಟೆಗೆ 45ರಿಂದ 55 ಕಿ.ಮೀ. ವೇಗ ಹೆಚ್ಚು ಮಿತವ್ಯಯದ್ದೆಂದು ಸಲಹೆ ಮಾಡುತ್ತ ಬಂದಿದೆ. ಹೆದ್ದಾರಿಯಲ್ಲಿ ಇದು ನಿಧಾನವೆನಿಸಿದರೂ 60ರ ಆಸುಪಾಸಿನಲ್ಲಿ ಒಂದೇ ಸಮನೆ ಹೋಗುವುದು ಒಳ್ಳೆಯದು.

ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲು, ನೋಡಬೇಕು. ಮೆತ್ತಗಿನ ಟೈರು ಡೀಸೆಲ್ಲನ್ನೂ ತಿನ್ನುತ್ತದೆ, ತಾನೂ ಸವೆಯುತ್ತದೆ. ಕಣದ ಕಾಲದಲ್ಲಿ ಧೂಳು ಹೆಚ್ಚಾದ್ದರಿಂದ ಏರ್ ಫಿಲ್ಟರನ್ನು ವಾಡಿಕೆಗಿಂತ ಬೇಗ ಬಿಚ್ಚಿ ನೋಡಬೇಕು. ಓಟ ಮುಗಿದ ಮೇಲೆ ಒಂದು ಚಕ್ರದ ಹಬ್ ಮಾತ್ರ ಬಹಳ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿರುವ ಸಂಭವವಿದೆ. ಹತ್ತಿರ ಕೈ ತಂದು ನೋಡಿ, ಮುಟ್ಟಬೇಡಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಅಭ್ಯಾಸ ಬಿಡಬೇಕು. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲೇ ಇದ್ದು ಎಕ್ಸಲೇಟರ್ ಬಿಟ್ಟರೆ ಡೀಸೆಲ್ ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಡೀಸೆಲ್ ಬೇಕೇ ಬೇಕು. ಭಾರದ ಗಾಡಿಗೆ ಎಂಜಿನ್ನಿನ ಹಿಡಿತ ತಪ್ಪಿದರೆ ಅಪಾಯ ಬೇರೆ.

2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಸೇರಿದ ಮಸಿಯನ್ನು ಗಾಡಿ ಆಗಾಗ ಸುಟ್ಟುಕೊಳ್ಳುತ್ತದೆ. ಅದಕ್ಕೂ ಡೀಸೆಲ್ ಬೇಕು. ತೋಟದಿಂದ ಮನೆಗೆ, ಮನೆಯಿಂದ ಡೈರಿಗೆ ಎಂದು ತುಂಡು ಓಟವೇ ಹೆಚ್ಚಾದರೆ ಮಸಿ ಕಟ್ಟಿಕೊಳ್ಳುತ್ತದೆ. ಆಗಾಗ ಹೆದ್ದಾರಿಯಲ್ಲಿ ಒಂದಷ್ಟು ದೂರ ಬಿಡದೆ ಓಡಿಸುವುದು ಅಗತ್ಯ. ದೀಪ ಹತ್ತಿದರೆ ಕಡೆಗಣಿಸಬಾರದು.

ಕೊಳ್ಳುವ ಮುನ್ನ

ವರ್ಷಕ್ಕೆ 10,000 ಕಿ.ಮೀ. ಓಡುವ ಗಾಡಿ ಲೀಟರಿಗೆ 12ರ ಬದಲು 13 ಕಿ.ಮೀ. ಕೊಟ್ಟರೆ ಉಳಿಯುವುದು 64 ಲೀಟರ್, ಸುಮಾರು 5,770 ರೂ. ಸಾಲದ ಕಂತು, ವಿಮೆ, ರಿಪೇರಿ ಖರ್ಚುಗಳ ಮುಂದೆ ಇದನ್ನು ಇಟ್ಟು ನೋಡಬೇಕು. ಒಂದು ಕಿ.ಮೀ. ಮೈಲೇಜಿನ ಆಸೆಗೆ ಕೆಲಸಕ್ಕೆ ಹೊಂದದ ಗಾಡಿ ತಂದರೆ ನಷ್ಟವೇ.

ಆದ್ದರಿಂದ ಕಳೆದ ವರ್ಷ ಎಷ್ಟು ಸಲ, ಎಷ್ಟು ಕ್ವಿಂಟಾಲ್, ಎಷ್ಟು ದೂರ ಸಾಗಿಸಿದಿರಿ ಎಂಬುದನ್ನು ಮೊದಲು ಬರೆಯಿರಿ. ಪ್ರತಿ ಸಲ 12ರಿಂದ 15 ಕ್ವಿಂಟಾಲ್ ಇದ್ದು ವರ್ಷವಿಡೀ ಓಟವಿದ್ದರೆ ನಾಲ್ಕು ಸಿಲಿಂಡರಿನ ಪಿಕಪ್ ಯೋಗ್ಯ. ವಾರಕ್ಕೊಮ್ಮೆ ನಾಲ್ಕೈದು ಚೀಲ ಟೊಮೆಟೊ, ಹೂವು ಮಾತ್ರವಾದರೆ ಸಣ್ಣ ಗಾಡಿ ಸಾಕು. ಸುಗ್ಗಿಯಲ್ಲಿ ಮಾತ್ರ ನಾಲ್ಕಾರು ಓಟವಾದರೆ ಬಾಡಿಗೆಯೇ ಮೇಲು. ಆಗಲೂ ಅಕ್ಕಪಕ್ಕದ ಇಬ್ಬರು ಮೂವರು ರೈತರು ಮಾಲು ಕೂಡಿಸಿ ಗಾಡಿ ತುಂಬಿಸಿದರೆ ಪ್ರತಿಯೊಬ್ಬರ ಪಾಲಿನ ಖರ್ಚು ಇಳಿಯುತ್ತದೆ. ಬಾಡಿಗೆ ಮಾತನಾಡುವಾಗಲೂ ಮೇಲಿನ ಲೆಕ್ಕ ಗೊತ್ತಿದ್ದರೆ ಗಾಡಿಯವರು ಹೇಳಿದ ದರ ನ್ಯಾಯವೋ ಅಲ್ಲವೋ ಎಂದು ತೂಗಿ ನೋಡಬಹುದು. ಈ ಸುಗ್ಗಿಯ ಮೊದಲ ಓಟದಿಂದಲೇ ನೋಟ್ ಪುಸ್ತಕ ಆರಂಭಿಸಿದರೆ ಮುಂದಿನ ಸುಗ್ಗಿಯ ಹೊತ್ತಿಗೆ ಯಾವ ಗಾಡಿ ತಮಗೆ ಹೊಂದುತ್ತದೆ ಎಂಬುದು ರೈತರಿಗೆ ಸ್ವಂತ ಲೆಕ್ಕದಿಂದಲೇ ತಿಳಿಯುತ್ತದೆ.